17 ‘ಮಾರಾಯ್ರೆ’

ಮೊದಲ ದಿನ ನನ್ನ ಕೈಗೆ ಬಂದ ಸಿನಿಮಾ ಸಂಭಾಷಣೆಯ ಹಾಳೆಗಳಲ್ಲಿ ‘ಎಂತ ಮಾರಾಯ್ರೆ’ 17 ಸಲ ಇತ್ತು. ಉತ್ತರ ಪತ್ರಿಕೆ ತಿದ್ದಿ ತಿದ್ದಿ ಅಭ್ಯಾಸ ನೋಡಿ, ಕೆಂಪು ಪೆನ್ನಿನಲ್ಲಿ ಸುತ್ತು ಹಾಕುತ್ತಾ ಎಣಿಸಿದೆ. ನಾಯಕಿಯ ಅಪ್ಪ ಹೇಳುತ್ತಾರೆ, ಬಸ್ ಕಂಡಕ್ಟರ್ ಹೇಳುತ್ತಾನೆ, ಮೀನು ಮಾರುವ ಹುಡುಗ ಹೇಳುತ್ತಾನೆ, ಪುರೋಹಿತರೂ ಹೇಳುತ್ತಾರೆ. ಒಂದು ಕಡೆಯಂತೂ ಅಜ್ಜಿ ತನ್ನ ಮೊಮ್ಮಗಳಿಗೇ ‘ಎಂತ ಮಾರಾಯ್ರೆ’ ಎನ್ನುತ್ತಾರೆ. ಮೊಮ್ಮಗಳಿಗೆ ಬಹುವಚನ! ನಮ್ಮೂರಿನ ಹುಡುಗಿಯಾದರೆ ಅಜ್ಜಿಗೆ ಜ್ವರ ಬಂತಾ ಎಂದು ಹಣೆ ಮುಟ್ಟಿ ನೋಡುತ್ತಿದ್ದಳು.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಒಂದು ಶಾಲೆಯಲ್ಲಿ ಕನ್ನಡ ಟೀಚರ್. ಸಿನಿಮಾಕ್ಕೂ ನನಗೂ ಇದ್ದ ನಂಟು ಟಿಕೆಟ್ ತೆಗೆದು ನೋಡುವಷ್ಟೆ. ಕಲೋತ್ಸವಕ್ಕೆ ಮಕ್ಕಳಿಗೆ ಕನ್ನಡ ಕವಿತೆ ಹೇಳಿಸುವುದು, ಶಾಲೆಯ ವಾರ್ಷಿಕೋತ್ಸವಕ್ಕೆ ನಾಟಕ ಕಲಿಸುವುದು ಮಾಡುತ್ತಿದ್ದೆ. 2019ರಲ್ಲಿ ಕೇರಳ ರಾಜ್ಯ ಶಾಲಾ ಕಲೋತ್ಸವ ಕಾಞಂಗಾಡಿನಲ್ಲಿ ನಡೆದಾಗ ಪರಿಚಯವಾದವರೊಬ್ಬರು ನನ್ನ ನಂಬರನ್ನು ಬೆಂಗಳೂರಿನ ಒಂದು ಚಿತ್ರತಂಡಕ್ಕೆ ಕೊಟ್ಟಿದ್ದರು. ಫೋನಿನಲ್ಲಿ ಹೇಳಿದ್ದು ಇಷ್ಟೇ: ‘ಕಾಸರಗೋಡಿನ ಲವ್ ಸ್ಟೋರಿ ಟೀಚರ್, ಫುಲ್ ಕಾಮಿಡಿ. ಹತ್ತು ದಿನ ಭಾಷೆ ತಿದ್ದಿ ಕೊಟ್ಟರೆ ಸಾಕು.’ ಹತ್ತು ದಿನ ಐದು ತಿಂಗಳಾಯಿತು. ಸಿನಿಮಾದ ಹೆಸರು ಬರೆಯುವುದಿಲ್ಲ. ಆ ತಂಡದ ಜೊತೆ ಇವತ್ತಿಗೂ ಮಾತುಕತೆ ಇದೆ, ಅದು ಹಾಗೇ ಇರಲಿ.

ಕಥೆ ನಿಮಗೆ ಗೊತ್ತಿರುವಂಥದ್ದೇ. ಬೆಂಗಳೂರಿನ ಸಾಫ್ಟ್‌ವೇರ್ ಹುಡುಗ ಕೆಲಸದ ಮೇಲೆ ಇಲ್ಲಿಗೆ ಬರುತ್ತಾನೆ, ಹವ್ಯಕ ಬ್ರಾಹ್ಮಣರ ಮನೆಯ ಹುಡುಗಿಯನ್ನು ಇಷ್ಟಪಡುತ್ತಾನೆ. ಮಧ್ಯೆ ಅವನಿಗೊಬ್ಬ ಬ್ಯಾರಿ ಗೆಳೆಯ, ಅಂದರೆ ನಮ್ಮ ಕರಾವಳಿಯ ಬ್ಯಾರಿ ಭಾಷೆಯ ಮುಸ್ಲಿಂ ಹುಡುಗ. ಕೊನೆಗೆ ಬೇಕಲ ಕೋಟೆ. ಬೇಕಲ ಯಾಕೆ ಎಂದು ಕೇಳಿದರೆ ನಿರ್ದೇಶಕರು 1995ರ ‘ಬಾಂಬೆ’ ಚಿತ್ರದ ಆ ಮಳೆಯ ಹಾಡನ್ನು ನೆನಪಿಸಿದರು. ಸರಿಯೇ, ಆ ಹಾಡನ್ನು ಮರೆಯುವವರು ಯಾರು? ಆದರೆ ಆ ಕೋಟೆಯನ್ನು ಕಟ್ಟಿಸಿದವರು ಕೆಳದಿಯ ನಾಯಕರು, ಅಂದರೆ ಕನ್ನಡದ ಅರಸರು ಎಂದಾಗ ಅವರಿಗೆ ಆಶ್ಚರ್ಯವಾಯಿತು. ನಮ್ಮ ಜಿಲ್ಲೆಯ ಪಾಡು ಇದೇ. ಬ್ಯಾಕ್‌ಗ್ರೌಂಡ್ ಆಗಿ ಎಲ್ಲರಿಗೂ ಬೇಕು, ಅದರ ಮುಂದೆ ನಿಲ್ಲುವವರು ಮಾತ್ರ ಬೇರೆ ಕಡೆಯಿಂದ ಬರುತ್ತಾರೆ.

ನಿರ್ದೇಶಕರು ಕೆಟ್ಟವರಲ್ಲ. ಮೂವತ್ತು ದಾಟದ ಹುಡುಗ, ಒಳ್ಳೆಯ ಮನಸ್ಸು. ‘ಡೈವರ್ಸಿಟಿ ಬೇಕು ಟೀಚರ್’ ಎನ್ನುತ್ತಿದ್ದರು. ಅವರ ಹತ್ತಿರ ಒಂದು ಪಟ್ಟಿಯೇ ಇತ್ತು. ಒಬ್ಬ ಮುಸ್ಲಿಂ ಗೆಳೆಯ, ಒಬ್ಬ ಗಾಲಿಕುರ್ಚಿಯ ಹುಡುಗ, ಒಬ್ಬರು ಕ್ರಿಶ್ಚಿಯನ್ ನರ್ಸ್. ಪಕ್ಕದಲ್ಲಿ ಟಿಕ್ ಮಾರ್ಕ್. ನಮ್ಮ ಶಾಲೆಗೆ ಇನ್ಸ್‌ಪೆಕ್ಷನ್ ಬಂದಾಗ ನಾವು ರಿಜಿಸ್ಟರ್ ತುಂಬಿಸುವುದು ಹೀಗೆಯೇ.

‘ಕ್ರೇಜಿ ರಿಚ್ ಏಷ್ಯನ್ಸ್’ ನೋಡಿ ಎಂದು ಅವರೇ ಹೇಳಿದರು. 2018ರ ಹಾಲಿವುಡ್ ರೊಮ್ಯಾಂಟಿಕ್ ಕಾಮಿಡಿ. ದೊಡ್ಡ ಸ್ಟುಡಿಯೊ ಒಂದು ಈ ಕಾಲದ ಕಥೆಗೆ ಬಹುಪಾಲು ಏಷ್ಯಾ ಮೂಲದ ಕಲಾವಿದರನ್ನೇ ಹಾಕಿಕೊಂಡು ಸಿನಿಮಾ ಮಾಡದೆ ಅಲ್ಲಿಗೆ 25 ವರ್ಷವಾಗಿತ್ತಂತೆ. ರಾತ್ರಿ ಅಡುಗೆಮನೆ ಕೆಲಸ ಮುಗಿಸಿ ಫೋನಿನಲ್ಲಿ ನೋಡಿದೆ. ಚೆನ್ನಾಗಿದೆ, ನಕ್ಕೆ, ಕೊನೆಗೆ ಸ್ವಲ್ಪ ಅತ್ತೆ ಕೂಡ. ಆದರೆ ಸಿಂಗಾಪುರದ ಆ ಬಂಗಲೆಯ ಗೇಟಿನಲ್ಲಿ ಬಂದೂಕು ಹಿಡಿದು ನಿಂತ ಸಿಖ್ ಕಾವಲುಗಾರರನ್ನು ಕಂಡಾಗ ಫೋನು ಕೆಳಗಿಟ್ಟೆ. ಇಡೀ ಸಿನಿಮಾದಲ್ಲಿ ನಮ್ಮ ಬಣ್ಣದವರಿಗೆ ಸಿಕ್ಕಿದ ಜಾಗ ಹೆಚ್ಚುಕಡಿಮೆ ಅಷ್ಟೆ. ಆ ಸಿನಿಮಾ ಬಂದಾಗ ಈ ಆಕ್ಷೇಪ ಬಂದಿತ್ತು ಎಂದು ಆಮೇಲೆ ತಿಳಿಯಿತು. ಮರುದಿನ ನಿರ್ದೇಶಕರಿಗೆ ಕೇಳಿದೆ: ‘ನಮ್ಮ ಸಿನಿಮಾದಲ್ಲಿ ಗೇಟಿನಲ್ಲಿ ನಿಂತವರು ಯಾರು?’ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮೀನಿನ ಹುಡುಗ’ ಎಂದರು. ಆವತ್ತಿನಿಂದ ನಮ್ಮ ಕೆಲಸ ನಿಜವಾಗಿ ಶುರುವಾಯಿತು.

ನಾನು ಮೊದಲು ಮಾಡಿದ್ದು ಒಂದು ಚಾರ್ಟ್. ಯಾರು ಯಾರ ಜೊತೆ ಯಾವ ಭಾಷೆ ಮಾತಾಡುತ್ತಾರೆ ಎಂಬ ಕೋಷ್ಟಕ. ಕಾಸರಗೋಡನ್ನು ಸಪ್ತಭಾಷೆಗಳ ನಾಡು ಎಂದು ಭಾಷಣಗಳಲ್ಲಿ ಹೇಳುತ್ತಾರೆ. ಭಾಷಣದಲ್ಲಿ ಏಳು ಭಾಷೆಗಳೂ ಸಾಲಾಗಿ ಕುರ್ಚಿಯ ಮೇಲೆ ಕೂತಿರುತ್ತವೆ. ನಿಜದಲ್ಲಿ ಅವು ಒಂದೇ ಬಸ್ಸಿನಲ್ಲಿ ನೂಕಾಡುತ್ತಿರುತ್ತವೆ. ತಲಪಾಡಿಯಿಂದ ಕಾಸರಗೋಡಿಗೆ ಬರುವ ಬಸ್ ಹತ್ತಿ ನೋಡಿ. ಮಂಜೇಶ್ವರದಲ್ಲಿ ಹಿಂದಿನ ಸೀಟಿನವರು ತುಳುವಿನಲ್ಲಿ ಅಡಿಕೆಯ ರೇಟು ಮಾತಾಡುತ್ತಾರೆ, ಉಪ್ಪಳದಲ್ಲಿ ಬ್ಯಾರಿ ಹತ್ತುತ್ತದೆ, ಕುಂಬಳೆ ದಾಟಿದರೆ ಮಲಯಾಳ ಜಾಸ್ತಿಯಾಗುತ್ತದೆ. ಕಂಡಕ್ಟರ್ ಮುಖ ನೋಡಿಯೇ ಭಾಷೆ ಬದಲಿಸುತ್ತಾನೆ. ಒಮ್ಮೊಮ್ಮೆ ತಪ್ಪುತ್ತಾನೆ. ಆ ತಪ್ಪಿನಲ್ಲೇ ನಗು ಇರುವುದು.

ನಮ್ಮ ಮನೆಯದ್ದನ್ನೇ ಹೇಳುತ್ತೇನೆ. ನಾನು, ಗಂಡ ಮನೆಯಲ್ಲಿ ತುಳು. ಮಗನಿಗೆ ಪಾಠ ಹೇಳುವಾಗ ಕನ್ನಡ. ಕರೆಂಟ್ ಆಫೀಸಿಗೆ ಫೋನ್ ಮಾಡುವಾಗ ಮಲಯಾಳ. ಪಕ್ಕದ ಹವ್ಯಕರ ಮನೆಯ ಅಮ್ಮ ನನ್ನ ಹತ್ತಿರ ಪುಸ್ತಕದ ಕನ್ನಡ ಮಾತಾಡುತ್ತಾರೆ, ಬೆನ್ನು ತಿರುಗಿಸಿ ಸೊಸೆಗೆ ಹವ್ಯಕದಲ್ಲಿ ಬೈಯುತ್ತಾರೆ. ಆದ್ದರಿಂದ ನಾನು ಹೇಳಿದ ಮೊದಲ ತಿದ್ದುಪಡಿ ಇದು: ಗೆಳೆಯರಿಬ್ಬರೂ ಕನ್ನಡದಲ್ಲಿ ಮಾತು ಶುರು ಮಾಡಲಿ, ಜಗಳ ಬಂದ ಕೂಡಲೆ ಬ್ಯಾರಿ ಹುಡುಗ ತುಳುವಿಗೆ ಹಾರಿ ‘ಪೋಲಾ ಅಂಚಿ’ ಎನ್ನಲಿ. ಬೈಗುಳಕ್ಕೆ ನಮ್ಮಲ್ಲಿ ತುಳುವೇ ಬೇಕು. ಬೆಂಗಳೂರಿನ ಹುಡುಗನಿಗೆ ಅರ್ಥವಾಗದಿದ್ದರೂ ತನ್ನನ್ನು ಆಚೆ ಹೋಗು ಎಂದದ್ದು ಮುಖ ನೋಡಿದರೇ ಗೊತ್ತಾಗುತ್ತದೆ. 17ರಲ್ಲಿ 14 ‘ಮಾರಾಯ್ರೆ’ ಹೋಯಿತು. ಉಳಿದ ಮೂರು ನಾವು ನಿಜವಾಗಿ ಹೇಳುವ ಜಾಗದಲ್ಲೇ ಇದ್ದವು. ಹೇಳುವುದಂತೂ ಹೌದಲ್ವಾ.

ಮುಂದಿನ ತಕರಾರು ಬಂದದ್ದು ‘ಅದು’ ಎಂಬ ಎರಡಕ್ಷರದಿಂದ.

ನಮ್ಮ ಕಡೆಯ ಹವ್ಯಕ ಭಾಷೆಯಲ್ಲಿ ಹೆಂಗಸರನ್ನು ‘ಅವಳು’ ಎನ್ನುವುದಿಲ್ಲ, ‘ಅದು’ ಎನ್ನುತ್ತಾರೆ. ಅಕ್ಕ ಬಂತು, ಅತ್ತಿಗೆ ಹೋತು. ಅದರಲ್ಲಿ ತಾತ್ಸಾರ ಏನೂ ಇಲ್ಲ, ವ್ಯಾಕರಣವೇ ಹಾಗೆ. ಅಜ್ಜಿಯ ಮಾತನ್ನು ನಾನು ಪಕ್ಕದ ಮನೆಯ ಅಮ್ಮನ ಹತ್ತಿರ ಹವ್ಯಕಕ್ಕೆ ತಿರುಗಿಸಿ ತಂದಾಗ ನಿರ್ದೇಶಕರು ಗಾಬರಿಯಾದರು. ‘ಟೀಚರ್, ಹೀರೋಯಿನ್‌ನ ಅದು ಇದು ಅಂದರೆ ಜನ ನಮ್ಮನ್ನು ಬಿಡುತ್ತಾರಾ?’ ತೆಗೆದುಬಿಡೋಣ, ಮಾಮೂಲಿ ಕನ್ನಡವೇ ಇರಲಿ ಎಂದು ತಂಡದವರೆಲ್ಲ ಹೇಳಿದರು. ತೆಗೆದರೆ ಆ ಮನೆ ಹವ್ಯಕರ ಮನೆಯಾಗಿ ಉಳಿಯುವುದಿಲ್ಲ. ಸುಮ್ನೆ ಇಟ್ಟರೆ ಬೇರೆ ಊರಿನವರು ಅಜ್ಜಿಯನ್ನು ನೋಡಿ ನಗುತ್ತಾರೆ, ಇಲ್ಲವೇ ಅಜ್ಜಿಯ ಮೇಲೆ ಸಿಟ್ಟಾಗುತ್ತಾರೆ.

ಎರಡು ದಿನ ತಲೆಕೆಡಿಸಿಕೊಂಡೆವು. ಕೊನೆಗೆ ಬರೆದ ಸೀನು ಹೀಗೆ. ಹುಡುಗ ಮೊದಲ ಸಲ ಮನೆಗೆ ಬರುತ್ತಾನೆ. ಜಗಲಿಯಲ್ಲಿ ಅಜ್ಜಿ ಅಡಿಕೆ ಸುಲಿಯುತ್ತಿದ್ದಾರೆ. ಮೊಮ್ಮಗಳು ಎಲ್ಲಿ ಎಂದು ಕೇಳಲು ಅವನಿಗೆ ನಾಚಿಕೆ. ಅಜ್ಜಿಯೇ ಅರ್ಥ ಮಾಡಿಕೊಂಡು ‘ಅದು ಹಟ್ಟಿಲಿ ಇದ್ದು. ಈಗ ಉಂಬಲೆ ಬತ್ತು’ ಎನ್ನುತ್ತಾರೆ. ಅವಳು ದನದ ಹಟ್ಟಿಯಲ್ಲಿದ್ದಾಳೆ, ಈಗ ಊಟಕ್ಕೆ ಬರುತ್ತಾಳೆ ಎಂದು ಅರ್ಥ. ಹುಡುಗ ಕಣ್ಣರಳಿಸಿ, ‘ಹಸು ಊಟಕ್ಕೆ ಒಳಗೆ ಬರುತ್ತಾ ಅಜ್ಜಿ?’ ಎಂದು ಕೇಳುತ್ತಾನೆ. ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿ, ಒಳಗೆ ತಿರುಗಿ, ಇನ್ನೊಂದು ಬಾಳೆ ಹಾಕು ಎನ್ನುತ್ತಾರೆ. ಅಷ್ಟರಲ್ಲಿ ಹುಡುಗಿ ಕೈಯಲ್ಲಿ ಹಾಲಿನ ಚೆಂಬು ಹಿಡಿದು ಬರುತ್ತಾಳೆ.

ಮಾತು ಒಂದಕ್ಷರ ಬದಲಾಗಲಿಲ್ಲ. ನಗು ಮಾತ್ರ ಅಜ್ಜಿಯ ಮೇಲಿಂದ ಎದ್ದು ಹುಡುಗನ ಮೇಲೆ ಹೋಗಿ ಕೂತಿತು. ಈ ಸೀನು ಬರೆದ ಮೇಲೆ ಉಳಿದ ಹಾಳೆಗಳನ್ನು ನಾನು ಓದಿದ ರೀತಿಯೇ ಬೇರೆ. ಪ್ರತಿ ತಮಾಷೆಯ ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ ಎರಡೇ ಪ್ರಶ್ನೆ ಬರೆಯುತ್ತಿದ್ದೆ. ನಗಿಸುವವರು ಯಾರು? ನಗು ಬೀಳುವುದು ಯಾರ ಮೇಲೆ? ಬ್ಯಾರಿ ಗೆಳೆಯನ ಪಾತ್ರಕ್ಕೆ ಒಟ್ಟು 22 ತಮಾಷೆ ಇತ್ತು. ಎಲ್ಲದರಲ್ಲೂ ನಗು ಅವನ ಮೇಲೆಯೇ ಬೀಳುತ್ತಿತ್ತು. ಅವನ ಕನ್ನಡ ತಪ್ಪು, ಅವನ ಲೆಕ್ಕ ತಪ್ಪು, ಅವನು ಮೀನಿನ ವಾಸನೆ.

ಬ್ಯಾರಿ ನನಗೆ ಅರ್ಥವಾಗುತ್ತದೆ, ಬರೆಯುವಷ್ಟು ಬರುವುದಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದ್ದವರ ಮನೆಗೆ ಹೋಗಿ ಓದಿಸುವುದು ಎಂದು ನಿಯಮ ಮಾಡಿಕೊಂಡಿದ್ದೆ. ಉಪ್ಪಳದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮನೆ ಇದೆ. ಒಂದು ಭಾನುವಾರ ನಿರ್ದೇಶಕರನ್ನೂ ಕರೆದುಕೊಂಡು ಹೋದೆ. ಚಾ ಬಂತು, ಜೊತೆಗೆ ಬೋಂಡಾ. ಹುಡುಗ ಬ್ಯಾರಿ ಗೆಳೆಯನ ಪಾತ್ರವನ್ನು ಗಟ್ಟಿಯಾಗಿ ಓದಿದ, ಅವನ ಉಮ್ಮ ಬಾಗಿಲಲ್ಲಿ ನಿಂತು ಕೇಳಿದರು. ಮುಗಿದ ಮೇಲೆ ಒಂದೇ ಮಾತು ಕೇಳಿದರು: ‘ಟೀಚರ್, ಈ ಹುಡುಗನಿಗೆ ಮನೆ ಇಲ್ಲವಾ?’

ಹೌದಲ್ಲ! ಹಾಳೆ ತಿರುಗಿಸಿ ನೋಡಿದೆವು. ಅವನು ಬಸ್ ಸ್ಟ್ಯಾಂಡಿನಲ್ಲಿದ್ದಾನೆ, ಸಮುದ್ರದ ಬದಿಯಲ್ಲಿದ್ದಾನೆ, ಹುಡುಗನ ಬೈಕಿನ ಹಿಂದೆ ಇದ್ದಾನೆ. ಅಪ್ಪ ಅಮ್ಮ ಇಲ್ಲ, ತಂಗಿ ಇಲ್ಲ, ಹಸಿವಾದರೆ ಹೋಗುವ ಜಾಗ ಇಲ್ಲ. ನಾಯಕನ ಪ್ರೀತಿಗೆ ಸಹಾಯ ಮಾಡುವುದು ಬಿಟ್ಟರೆ ಅವನಿಗೆ ಬೇಕಾದದ್ದು ಏನೂ ಇಲ್ಲ. ಆವತ್ತು ಆ ಜಗಲಿಯಲ್ಲೇ ಒಂದು ಮನೆ ಕಟ್ಟಿದೆವು. ಅಪ್ಪ ದುಬೈಯಲ್ಲಿ, ವಿಡಿಯೊ ಕಾಲ್‌ನಲ್ಲಿ ಮಾತ್ರ ಬರುತ್ತಾರೆ. ತಂಗಿ ಕನ್ನಡ ಎಂ.ಎ. ಓದುತ್ತಿದ್ದಾಳೆ. ಬೆಂಗಳೂರಿನ ಹುಡುಗ ಪ್ರೇಮಪತ್ರ ಬರೆದು ತರುತ್ತಾನೆ, ಅವಳು ಅದರ ಕಾಗುಣಿತ ತಿದ್ದುತ್ತಾಳೆ. ‘ಹೃದಯ’ದ ಋ ಎಲ್ಲಿ ಹೋಯಿತು ಎಂದು ಕೇಳುತ್ತಾಳೆ. ಮುಸ್ಲಿಂ ಹುಡುಗಿ ಬೆಂಗಳೂರಿನವನ ಕನ್ನಡ ತಿದ್ದುವುದು ಎಂದರೆ ಹೊರಗಿನವರಿಗೆ ಕಲ್ಪನೆ ಅನಿಸಬಹುದು. ಮುಸ್ಲಿಂ ಮನೆಯೊಳಗಿನ ಹೆಂಗಸರ ಬದುಕನ್ನು ಕನ್ನಡದಲ್ಲಿ ಬರೆದ ಸಾರಾ ಅಬೂಬಕ್ಕರ್ ಹುಟ್ಟಿದ್ದು ಕಾಸರಗೋಡಿನಲ್ಲಿಯೇ. ನಮಗೆ ಇದು ಕಲ್ಪನೆ ಅಲ್ಲ, ನನ್ನ ಕ್ಲಾಸಿನ ಎರಡನೇ ಬೆಂಚು.

ಶೂಟಿಂಗಿಗೆ ಆ ಮನೆ ಸಿಗಲಿಲ್ಲ, ರಸ್ತೆ ಸದ್ದು ಜಾಸ್ತಿ. ಬೇರೆ ಮನೆ ಬಾಡಿಗೆಗೆ ತೆಗೆದುಕೊಂಡರು. ಆದರೆ ಪಿಂಗಾಣಿಯ ಕಪ್ಪು-ಸಾಸರು ಉಮ್ಮನ ಮನೆಯದ್ದೇ ಬೇಕೆಂದು ಕಲಾ ವಿಭಾಗದವರು ಆರು ಕಪ್ಪು ತೆಗೆದುಕೊಂಡು ಹೋದರು. ಗಂಡ ದುಬೈಯಿಂದ ತಂದ ಸೆಟ್ಟು ಅದು. ಓದಿ ಹೇಳಿದ್ದಕ್ಕೆ ಆ ಮನೆಯವರಿಗೆ ದುಡ್ಡು ಕೊಡಬೇಕು, ಟೈಟಲ್‌ನಲ್ಲಿ ಹೆಸರು ಬರಬೇಕು ಎಂದು ನಾನು ಹಟ ಹಿಡಿದೆ. ದುಡ್ಡು ಬಂತು, ಹೆಚ್ಚೇನಲ್ಲ. ಹೆಸರು ಬಂತು, ಒಂದಕ್ಷರ ತಪ್ಪಾಗಿ.

ಗಡಿಯ ವಿಷಯಕ್ಕೆ ಬರುತ್ತೇನೆ. ನಾಯಕಿಯ ಅಪ್ಪನಿಗೆ ನಾಲ್ಕು ನಿಮಿಷದ ಭಾಷಣ ಇತ್ತು. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು, 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗದ ವರದಿ ಚಂದ್ರಗಿರಿ ನದಿಯ ಬಡಗು ದಿಕ್ಕಿನ ಭಾಗ ಕರ್ನಾಟಕಕ್ಕೆ ಸೇರಬೇಕೆಂದಿತು, ಆದರೂ ಏನೂ ಆಗಲಿಲ್ಲ ಎಂದು ಅವರು ಕಣ್ಣೀರು ಹಾಕುತ್ತಾರೆ, ಹಿಂದೆ ಪಿಟೀಲು. ಒಂದೂ ಸುಳ್ಳಲ್ಲ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ತುಂಬುವವರೆಗೂ ಇದೇ ನೋವು ಹೇಳುತ್ತ ಬದುಕಿದರು. ಆದರೆ ಮಗಳ ಗೆಳೆಯ ಮೊದಲ ಸಲ ಮನೆಗೆ ಬಂದಾಗ ಯಾವ ಅಪ್ಪ ಇದನ್ನು ಹೇಳುತ್ತಾನೆ? ಈ ನೋವು ನಮಗೆ ದಿನಾ ಸಿಗುವುದು ಚಿಲ್ಲರೆಯಾಗಿ. ಅರ್ಜಿ ಫಾರಂ ಮಲಯಾಳದಲ್ಲಿ, ಬಸ್ಸಿನ ಬೋರ್ಡು ಮಲಯಾಳದಲ್ಲಿ. ನನ್ನ ಮಾವನ ಹೆಸರು ಒಂದು ಕಾರ್ಡಿನಲ್ಲಿ ಸುಬ್ರಾಯ, ಇನ್ನೊಂದರಲ್ಲಿ ಸುಬ್ಬರಾಯನ್, ಮತ್ತೊಂದರಲ್ಲಿ ಸುಬ್ರಯ್ಯ.

ಇದನ್ನು ಹೇಳಿದ್ದೇ ತಡ, ಬರಹಗಾರ ಹುಡುಗ ಎದ್ದು ನಿಂತ. ಭಾಷಣ ಹೋಯಿತು. ಅದರ ಜಾಗಕ್ಕೆ ಮದುವೆ ನೋಂದಣಿಯ ಸೀನು ಬಂತು. ಎರಡೂ ಮನೆಯವರು ಒಪ್ಪಿಯಾಗಿದೆ, ಪಂಚಾಯತಿಗೆ ಹೋದರೆ ಹುಡುಗಿಗೆ ಕಾಗದದಲ್ಲಿ ಮೂವರು ಅಪ್ಪಂದಿರು. ಯಾವ ಅಪ್ಪ ಸಹಿ ಹಾಕುವುದು? ಕನ್ನಡ ಬಾರದ ಗುಮಾಸ್ತರು, ಮಲಯಾಳ ಓದಲು ಬಾರದ ಅಪ್ಪ, ಇಬ್ಬರಿಗೂ ಅನುವಾದ ಮಾಡುವವನು ಬ್ಯಾರಿ ಗೆಳೆಯ. ಅವನು ಎರಡೂ ಕಡೆಗೆ ಬೇಕೆಂದೇ ಸ್ವಲ್ಪ ತಪ್ಪು ಅನುವಾದ ಮಾಡಿ ಕೆಲಸ ಸಾಧಿಸುತ್ತಾನೆ. ಗುಮಾಸ್ತರನ್ನು ಕೆಟ್ಟವರನ್ನಾಗಿ ಮಾಡಬಾರದು ಎಂದು ನಾನೇ ಹೇಳಿದೆ. ಮಲಯಾಳಿಗಳೂ ನಮ್ಮ ನೆರೆಯವರೇ, ಅವರೂ ನಗಬೇಕು.

ಹೆಣ್ಣು ಪಾತ್ರಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಮೆರಿಕದ ವ್ಯಂಗ್ಯಚಿತ್ರಕಾರ್ತಿ ಅಲಿಸನ್ ಬೆಕ್ಡೆಲ್ 1985ರಲ್ಲಿ ಬರೆದ ಒಂದು ಪರೀಕ್ಷೆ ಇದೆ. ಸಿನಿಮಾದಲ್ಲಿ ಇಬ್ಬರು ಹೆಂಗಸರಿರಬೇಕು, ಅವರು ಒಬ್ಬರ ಜೊತೆ ಒಬ್ಬರು ಮಾತಾಡಬೇಕು, ಗಂಡಸಿನ ವಿಷಯ ಬಿಟ್ಟು ಬೇರೇನಾದರೂ ಮಾತಾಡಬೇಕು. ನಮ್ಮ ಹಾಳೆಗಳು ಫೇಲ್. ನಾಯಕಿಗೆ ನಾವು ಸರ್ಕಾರಿ ಕೆಲಸಕ್ಕೆ ಆರಿಸುವ ಪಿಎಸ್‌ಸಿಯ ರ‍್ಯಾಂಕ್ ಲಿಸ್ಟ್ ಕೊಟ್ಟೆವು. ಕನ್ನಡ ಟೀಚರ್ ಹುದ್ದೆಯ ಪಟ್ಟಿಯಲ್ಲಿ ಅವಳ ಹೆಸರಿದೆ, ಪಟ್ಟಿಯ ಅವಧಿ ಮುಗಿಯುತ್ತಿದೆ, ಆದೇಶ ಬರುತ್ತಿಲ್ಲ. ಗೆಳತಿಯ ಜೊತೆ ಬಸ್ಸಿನಲ್ಲಿ ಅದೇ ಮಾತು. ಪರೀಕ್ಷೆ ಪಾಸಾಯಿತು ಅನ್ನುವುದಕ್ಕಿಂತ, ಹುಡುಗನಿಗೆ ಕಾಯುವ ಕಷ್ಟ ಬಂತು. ಅವಳು ಫೋನ್ ನೋಡುತ್ತಿದ್ದರೆ ಅವನ ಮೆಸೇಜಿಗೆ ಅಲ್ಲ, ಪಿಎಸ್‌ಸಿ ಮೆಸೇಜಿಗೆ.

ಮೇಕಪ್‌ನಲ್ಲಿ ಸೋತೆ. ಗೆಳತಿಯ ಪಾತ್ರಕ್ಕೆ ಆರಿಸಿದ ನಮ್ಮೂರಿನ ಹುಡುಗಿಯ ಮುಖಕ್ಕೆ ದಿನಾ ಅವಳ ಬಣ್ಣಕ್ಕಿಂತ ಬಿಳಿಯ ಬಣ್ಣ ಹಚ್ಚುತ್ತಿದ್ದರು. ಲೈಟಿಂಗ್‌ಗೆ ಬೇಕು ಎನ್ನುತ್ತಿದ್ದರು. ಕುತ್ತಿಗೆ ಒಂದು ಬಣ್ಣ, ಮುಖ ಒಂದು ಬಣ್ಣ. ಹಾಡಿನ ಹಿಂದೆ ಭೂತಕೋಲ ಇಡುವುದನ್ನು ಮಾತ್ರ ನಿಲ್ಲಿಸಿದೆ. ದೈವ ಕಟ್ಟುವವರ ಮನೆಯವರ ಹತ್ತಿರ ಕೇಳಿ ಬನ್ನಿ ಎಂದೆ. ಅವರು ಕೇಳಲು ಹೋಗಲೇ ಇಲ್ಲ.

ಗಾಲಿಕುರ್ಚಿಯ ಹುಡುಗನದ್ದು ಈಗಲೂ ಚುಚ್ಚುತ್ತದೆ. ಹಾಳೆಯಲ್ಲಿ ಅವನಿಗೆ ಮಾತೇ ಇರಲಿಲ್ಲ. ನಾಯಕ ಅವನಿಗೆ ಚಾಕಲೇಟ್ ಕೊಡುತ್ತಾನೆ, ನಾಯಕಿ ದೂರದಿಂದ ನೋಡುತ್ತಾಳೆ, ಇವನು ಒಳ್ಳೆಯವನು ಎಂದು ಗೊತ್ತಾಗುತ್ತದೆ. ಹಿಂದೆ ಎಂಡೋಸಲ್ಫಾನ್ ಎಂದು ಒಂದು ಮಾತು. ನಮ್ಮ ಎಣ್ಮಕಜೆ, ಬೆಳ್ಳೂರು, ಮುಳಿಯಾರು ಕಡೆಯ ಗೇರು ತೋಟಗಳ ಮೇಲೆ 2000ದವರೆಗೂ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಆ ಕೀಟನಾಶಕದ ವಿಷ ಸುರಿದರು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲೆಲ್ಲ ನಿಲ್ಲಿಸಿತು. ಅದನ್ನು ಒಂದು ಚಾಕಲೇಟಿಗೆ ಇಳಿಸುವುದು ನನಗೆ ಆಗಲಿಲ್ಲ.

ಬದಲಿಗೆ ನಾನು ಹೇಳಿದ್ದು ಲಾಟರಿ ಮಾರುವವನ ಪಾತ್ರ. ಕೇರಳದಲ್ಲಿ ಎಷ್ಟೋ ಅಂಗವಿಕಲರ ಜೀವನ ನಡೆಯುವುದು ಲಾಟರಿ ಟಿಕೆಟಿನಿಂದ. ಬಸ್ ಸ್ಟ್ಯಾಂಡಿನಲ್ಲಿ ದಿನವಿಡೀ ಕೂತವನಿಗೆ ಯಾವ ಹುಡುಗಿ ಯಾವ ಬಸ್ಸಿಗೆ ಹತ್ತಿದಳು, ಯಾವ ಹುಡುಗ ಅದೇ ಬಸ್ಸಿಗೆ ಓಡಿದ, ಎಲ್ಲ ಗೊತ್ತು. ಪ್ರೇಮಕಥೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾ? ಬರಹಗಾರರಿಗೂ ಹಿಡಿಸಿತು. ಆರು ಸೀನು ಬರೆದರು. ಪಾತ್ರಕ್ಕೆ ನಿಜವಾಗಿಯೂ ಲಾಟರಿ ಮಾರುವವರನ್ನೇ ಹುಡುಕಿದೆವು. ಬಾಯಿ ತೆರೆದರೆ ಇಡೀ ಸೆಟ್ಟು ನಗುತ್ತಿತ್ತು.

ಮೊದಲ ದಿನದ ಶೂಟಿಂಗ್ ಗುಡ್ಡದ ಮೇಲಿನ ಮನೆಯಲ್ಲಿ. ಮುರಕಲ್ಲಿನ 11 ಮೆಟ್ಟಿಲು. ಯಾರೂ ಯೋಚಿಸಿರಲಿಲ್ಲ. ನಾನೂ ಯೋಚಿಸಿರಲಿಲ್ಲ, ಹಾಳೆಯಲ್ಲಿ ಅಷ್ಟೆಲ್ಲ ಕೆಂಪು ಸುತ್ತು ಹಾಕಿದವಳು. ನಾಲ್ಕು ಜನ ಕುರ್ಚಿ ಸಮೇತ ಎತ್ತಿಕೊಂಡು ಹೋದರು, ಮೂತ್ರಕ್ಕೆ ಇಳಿಯಬೇಕೆಂದರೆ ಮತ್ತೆ ನಾಲ್ಕು ಜನ. ಅವರು ಮಧ್ಯಾಹ್ನದ ನಂತರ ನೀರು ಕುಡಿಯುವುದನ್ನೇ ಬಿಟ್ಟರು. ಸಂಜೆ ನನ್ನನ್ನು ಕರೆದು, ‘ನನ್ನನ್ನು ಹೊತ್ತುಕೊಂಡು ಹೋಗುವ ಸೀನು ನಿಮ್ಮ ಕಥೆಯಲ್ಲಿ ಇಲ್ಲವಲ್ಲ ಟೀಚರ್’ ಎಂದು ನಕ್ಕರು. ಮರುದಿನ ಬರಲಿಲ್ಲ. ಸಿನಿಮಾದಲ್ಲಿ ಅವರದ್ದು ಒಂದೇ ಸೀನು ಉಳಿದಿದೆ. ಈಗ ಯಾರಾದರೂ ಇಂಥ ಕೆಲಸಕ್ಕೆ ಕರೆದರೆ ನಾನು ಸಂಭಾಷಣೆಗಿಂತ ಮೊದಲು ಲೊಕೇಶನ್ ಫೋಟೊ ಕೇಳುತ್ತೇನೆ.

ಡಬ್ಬಿಂಗ್ ಹೊತ್ತಿಗೆ ಇನ್ನೊಂದು ಆಟ ನಡೆಯಿತು. ಉಮ್ಮನ ಪಾತ್ರ ಮಾಡಿದ ಮಂಜೇಶ್ವರದ ಹೆಂಗಸಿನ ಧ್ವನಿ ತೆಗೆದು ಬೆಂಗಳೂರಿನ ಕಲಾವಿದೆಯ ಧ್ವನಿ ಹಾಕಿದ್ದರು. ಮತ್ತೆ ‘ಎಂತ ಮಾರಾಯ್ರೆ’! ಶುಕ್ರವಾರ ರಾತ್ರಿ ಮಂಗಳೂರಿನಿಂದ ಬಸ್ ಹತ್ತಿ ಹೋದೆ. ಮೂಲ ಧ್ವನಿಯನ್ನೂ ಇದನ್ನೂ ಒಂದರ ಹಿಂದೆ ಒಂದು ಹಾಕಿಸಿ ನಿರ್ದೇಶಕರಿಗೆ ಕೇಳಿಸಿದೆ. ಅವರೇ ತಲೆ ಮೇಲೆ ಕೈ ಇಟ್ಟುಕೊಂಡರು. ಅರ್ಧಕ್ಕರ್ಧ ಹಳೆಯದನ್ನೇ ಇಟ್ಟರು. ಉಳಿದರ್ಧಕ್ಕೆ ಬಜೆಟ್ ಮುಗಿದಿತ್ತಂತೆ.

ಸಿನಿಮಾ ಬಂದಾಗ ಎಲ್ಲರೂ ಸೇರಿ ಮಂಗಳೂರಿಗೆ ಹೋಗಿ ನೋಡಿದೆವು. ಹಟ್ಟಿಯ ಸೀನಿಗೆ ಇಡೀ ಥಿಯೇಟರ್ ನಕ್ಕಿತು. ಪಕ್ಕದ ಮನೆಯ ಅಮ್ಮ ಮಾತ್ರ ನಗದೆ, ಆ ಹಸು ಬತ್ತಿದೆ, ಹಾಲು ಕೊಡುವ ಹಸುವನ್ನು ಇಡಬಾರದಿತ್ತಾ ಎಂದು ಕೇಳಿದರು. ಬ್ಯಾರಿ ಮನೆಯ ಸೀನು ಬಂದಾಗ ನಾನು ಪರದೆ ನೋಡದೆ ಉಮ್ಮನ ಮುಖವನ್ನೇ ನೋಡುತ್ತಿದ್ದೆ. ಅವರ ಕಣ್ಣು ಟೀಪಾಯಿ ಮೇಲೆ ಇತ್ತು. ಇಂಟರ್‌ವಲ್‌ನಲ್ಲಿ ಹೇಗಿದೆ ಎಂದು ಕೇಳಿದೆ.

‘ಚಂದ ಉಂಟು ಟೀಚರ್. ನಮ್ಮ ಕಪ್ಪು ಆರೂ ಕಾಣ್ತದೆ. ವಾಪಸ್ ಬಂದದ್ದು ಐದೇ.’